ಮನೆಯ ಲೆಕ್ಕ ಮನೆಗೇ ಬರಬೇಕು

ವಿದ್ಯುತ್ತು, ನೀರು, ಅಡಿಗೆಯ ಅನಿಲ, ದೂರವಾಣಿ ಮೊದಲಾದ ಸೇವೆಗಳ ಬಿಲ್ಲನ್ನು ಇನ್ನು ಮೇಲೆ ಕಾಗದದಲ್ಲಿ ಕೊಡುವ ಅಗತ್ಯವೇನಿದೆ, ಮೊಬೈಲಿಗೆ ಒಂದು ಸಂದೇಶವನ್ನು ಕಳಿಸಿದರೆ ಸಾಲದೇ ಎಂಬ ವಾದವು ಈಚೆಗೆ ಬಲವಾಗುತ್ತ ನಡೆದಿರುವದು. ದೂರವಾಣಿಯ ವಿಷಯದಲ್ಲಿ ಈ ವಾದವು ಬಹುಮಟ್ಟಿಗೆ ಗೆದ್ದೇ ಬಿಟ್ಟಿದೆ. ಅನಿಲದ ಸಿಲಿಂಡರು ಬೇಕಾದರೆ ಮೊಬೈಲಿನಿಂದ ಕೇಳಬೇಕು. ಅದು ಬಾಗಿಲಿಗೆ ಬಂದಾಗ ಮೊಬೈಲಿಗೆ ಬಂದ ಸಂಖ್ಯೆಯನ್ನು ಹೇಳಬೇಕು. ಇನ್ನು ಉಳಿದಿರುವದು ವಿದ್ಯುತ್ತಿನ ಬಿಲ್ಲು. ತಿಂಗಳಿಗೊಮ್ಮೆ ಮೀಟರು ನೋಡುವವನು ಬಂದು, ಕೈಯಲ್ಲಿಯ ಯಂತ್ರದಿಂದ ಒಂದು ಚೀಟಿಯನ್ನು ಹರಿದು ಕೊಟ್ಟು ಹೋಗುವ ಪದ್ಧತಿಯು ನಮ್ಮ ಜಿಲ್ಲೆಯಲ್ಲಿ ಇನ್ನೂ ಉಳಿದಿದೆ. ಅದು ಉಳಿಯಬೇಕೇ, ಉಳಿಯುವದಾದರೆ ಯಾವ ರೂಪದಲ್ಲಿ ಉಳಿಯಬೇಕು ಎಂಬದನ್ನು ಈಗಲೇ ವಿಚಾರಿಸುವದು ಲೇಸು. ಚೀಟಿ ನಿಂತ ಮೇಲೆ ವಿಚಾರಿಸುವದಕ್ಕೆ ಕೈಯಲ್ಲಿ ಏನೂ ಇರುವದಿಲ್ಲ.

ಹೊಸ ಪದ್ಧತಿಯ ಗುಣಗಳನ್ನು ನಾವು ಅಲ್ಲಗಳೆಯುವವರಲ್ಲ. ಜೆಸ್ಕಾಂ ಎಂದು ಎಲ್ಲರ ಬಾಯಲ್ಲಿರುವ ಗುಲ್ಬರ್ಗಾ ವಿದ್ಯುತ್ ಸರಬರಾಜು ಕಂಪನಿಯ ಬಿಲ್ಲನ್ನು ಕಟ್ಟುವದಕ್ಕಾಗಿ ರಾಯಚೂರಿನ ನಾಗರಿಕನು ಒಂದು ಕಾಲಕ್ಕೆ ಬಿಸಿಲಿನಲ್ಲಿ ಸಾಲು ನಿಲ್ಲುತ್ತಿದ್ದನು. ಇಂದು ಅವನು ಅಂಗಡಿಯ ಗಾದಿಯ ಮೇಲೆ ಕುಳಿತಲ್ಲಿಂದಲೇ ಫೋನ್‌ಪೇ, ಗೂಗಲ್ ಪೇಗಳ ಮೂಲಕ ಹಣವನ್ನು ಸಲ್ಲಿಸುತ್ತಾನೆ. ಹಣ ಸಂದದ್ದಕ್ಕೆ ಅಲ್ಲಿಯೇ ದಾಖಲೆಯೂ ಆಗುತ್ತದೆ. ಹಳ್ಳಿಗಳಲ್ಲಿ ವಸೂಲಿಗೆ ಬಂದವರು ಹಣವನ್ನು ಪಡೆದು ರಸೀದಿಯನ್ನು ಮುಂದಿನ ತಿಂಗಳು ಕೊಡುವೆವೆಂದು ಹೇಳಿ ಹೋಗುತ್ತಿದ್ದ ಕಾಲವನ್ನು ನೆನೆದರೆ ಇದು ಸಣ್ಣ ಸುಧಾರಣೆಯಲ್ಲ. ಕಾಗದವೆಂದ ಮಾತ್ರಕ್ಕೆ ಅದು ಸತ್ಯವನ್ನೇ ಹೇಳುತ್ತದೆಂಬ ಭ್ರಮೆಯೂ ನಮಗಿಲ್ಲ. ಮೀಟರಿನ ಹತ್ತಿರಕ್ಕೇ ಹೋಗದೆ ಅಂದಾಜಿನಿಂದ ಅಂಕಿ ಹಾಕಿದ ಬಿಲ್ಲುಗಳು ಕಾಗದದ ಮೇಲೆಯೇ ಬಂದಿವೆ. ಅದೂ ಅಲ್ಲದೆ, ಈಗ ಕೊಡುವ ಚೀಟಿಯು ಶಾಖದಿಂದ ಅಕ್ಷರ ಮೂಡಿಸುವ ಕಾಗದದ್ದು. ರಾಯಚೂರಿನ ಬೇಸಗೆಯಲ್ಲಿ ಅದನ್ನು ಗೋಡೆಯ ಮೊಳೆಗೆ ಸಿಕ್ಕಿಸಿಟ್ಟರೆ ಕೆಲವು ತಿಂಗಳಲ್ಲಿಯೇ ಅಕ್ಷರಗಳು ಮಾಸಿ ಬಿಳಿಯ ತುಂಡು ಮಾತ್ರ ಉಳಿಯುವದು.

ಆದರೆ ಹಣ ಕಟ್ಟುವ ರೀತಿ ಬೇರೆ, ಲೆಕ್ಕ ಒಪ್ಪಿಸುವ ರೀತಿ ಬೇರೆ. ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಮಾತಾಡುತ್ತಿರುವದರಿಂದಲೇ ಚರ್ಚೆಯು ದಾರಿ ತಪ್ಪಿದೆ. ಮೊಬೈಲಿನಿಂದ ಹಣ ಕಟ್ಟುವವನಿಗೆ ಅನುಕೂಲವಾಯಿತೆಂದರೆ, ಕಟ್ಟಬೇಕಾದ ಹಣದ ಲೆಕ್ಕವನ್ನೂ ಮೊಬೈಲಿನಲ್ಲಿಯೇ ಹುಡುಕಿಕೊಳ್ಳಬೇಕೆಂಬ ನಿಯಮವು ಅದರಿಂದ ಹುಟ್ಟುವದಿಲ್ಲ. ಬಿಲ್ಲು ಎಂದರೆ ಬರಿಯ ಬೇಡಿಕೆಯಲ್ಲ. ಹಿಂದಿನ ಅಂಕಿ ಎಷ್ಟು, ಇಂದಿನ ಅಂಕಿ ಎಷ್ಟು, ನಡುವೆ ಸುಟ್ಟ ಯೂನಿಟ್ಟೆಷ್ಟು, ನಿಗದಿತ ಶುಲ್ಕವೆಷ್ಟು, ಇಂಧನದ ಹೊಂದಾಣಿಕೆಯ ಶುಲ್ಕವೆಷ್ಟು, ಸರಕಾರದ ತೆರಿಗೆಯೆಷ್ಟು, ಹಳೆಯ ಬಾಕಿಯೆಷ್ಟು ಎಂಬದನ್ನು ಮಾರುವವನು ಕೊಳ್ಳುವವನ ಮುಂದೆ ಬಿಡಿಬಿಡಿಯಾಗಿ ಒಪ್ಪಿಸುವ ಲೆಕ್ಕಪತ್ರವದು. ಮೊಬೈಲಿಗೆ ಬರುವ ಎರಡು ಸಾಲಿನ ಸಂದೇಶದಲ್ಲಿ ಕಾಣುವದು ಕಟ್ಟಬೇಕಾದ ಮೊತ್ತ ಮತ್ತು ಕೊನೆಯ ದಿನಾಂಕ. ಉಳಿದದ್ದನ್ನು ತಿಳಿಯಬೇಕಾದರೆ ಕೊಂಡಿಯನ್ನು ಒತ್ತಬೇಕು, ಗುಪ್ತಸಂಖ್ಯೆಯನ್ನು ತುಂಬಬೇಕು, ಕಡತವನ್ನು ಇಳಿಸಿಕೊಳ್ಳಬೇಕು. ಇಷ್ಟು ಮಾಡುವವರು ಯಾರು? ನಮ್ಮ ವಾಚಕರಲ್ಲಿಯೇ ಎಷ್ಟು ಜನರು ಕಳೆದ ತಿಂಗಳು ಹೀಗೆ ಮಾಡಿದ್ದಾರೆಂಬದನ್ನು ಅವರವರೇ ಹೇಳಿಕೊಳ್ಳಲಿ.

ಇದು ಒಣ ತರ್ಕವಲ್ಲವೆಂಬದಕ್ಕೆ ಈಚಿನ ವರ್ಷಗಳ ಅನುಭವವೇ ಸಾಕ್ಷಿ. 2023ರ ಮೇ 12ರಂದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಯೂನಿಟ್ಟಿಗೆ ಸರಾಸರಿ 70 ಪೈಸೆಯಂತೆ ದರವನ್ನು ಏರಿಸಿ, ಅದನ್ನು ಏಪ್ರಿಲ್ ಒಂದರಿಂದಲೇ ಅನ್ವಯಿಸಿತು. ಜೂನ್ ತಿಂಗಳಲ್ಲಿ ಬಿಲ್ಲು ಕೈಗೆ ಬಂದಾಗ ರಾಜ್ಯದಲ್ಲೆಲ್ಲ ಕೂಗೆದ್ದಿತು. ವರ್ತಕರ ಸಂಘಗಳು ಬೀದಿಗಿಳಿದವು. ಅಂದು ಜನರು ಎತ್ತಿ ತೋರಿಸಿದ್ದು ಕಾಗದದ ಬಿಲ್ಲನ್ನೇ. ಯಾವ ಸಾಲಿನಲ್ಲಿ ಎಷ್ಟು ಏರಿತೆಂಬದು ಅದರಲ್ಲಿತ್ತು. 2025ರ ಏಪ್ರಿಲ್ ಒಂದರಿಂದ ಯೂನಿಟ್ಟಿಗೆ 36 ಪೈಸೆಯಂತೆ ಇನ್ನೊಂದು ಸಾಲು ಬಿಲ್ಲನ್ನು ಸೇರಿತು. ವಿದ್ಯುತ್ ನೌಕರರ ನಿವೃತ್ತಿವೇತನ ಮತ್ತು ಉಪದಾನದ ಭಾರವನ್ನು ಬಳಕೆದಾರರ ಮೇಲೆ ಹೊರಿಸುವ ಸಾಲದು. ಈ ಭಾರವು ನ್ಯಾಯವೋ ಅನ್ಯಾಯವೋ ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತುವದಿಲ್ಲ. ಆದರೆ ಮೊತ್ತವನ್ನು ಮಾತ್ರ ತಿಳಿದ ಬಳಕೆದಾರನಿಗೆ ಇಂಥದೊಂದು ಸಾಲು ಹುಟ್ಟಿದೆ ಎಂಬದೇ ಗೊತ್ತಾಗಲಾರದು. ಗೊತ್ತಿಲ್ಲದ್ದನ್ನು ಅವನು ಪ್ರಶ್ನಿಸುವದು ಹೇಗೆ?

ಅದೇ 2023ರ ಜೂನ್ ತಿಂಗಳಲ್ಲಿ, ಇದೇ ಜೆಸ್ಕಾಂ ಸೀಮೆಗೆ ಸೇರಿದ ಕೊಪ್ಪಳದಲ್ಲಿ, ಎರಡು ದೀಪಗಳ ಒಂದು ಬಡ ಮನೆಗೆ ಒಂದು ಲಕ್ಷ ರೂಪಾಯಿಗೂ ಮೀರಿದ ಬಿಲ್ಲು ಬಂದದ್ದು ದೇಶದ ಪತ್ರಿಕೆಗಳಲ್ಲೆಲ್ಲ ಪ್ರಕಟವಾಯಿತು. ಅದು ಭಾಗ್ಯಜ್ಯೋತಿಯ ಸಂಪರ್ಕ, ಮನೆಯಲ್ಲಿದ್ದವರು ವೃದ್ಧೆ. ಆ ಚೀಟಿಯನ್ನು ಅವರು ನೆರೆಹೊರೆಯವರಿಗೆ ತೋರಿಸಿದರು. ಸುದ್ದಿಯು ಪತ್ರಿಕೆಯವರಿಗೆ ಮುಟ್ಟಿತು. ಅಧಿಕಾರಿಗಳು ಮನೆಗೆ ಬಂದು, ದೋಷವು ತಮ್ಮ ಕಡೆಯದು, ಹಣವನ್ನು ಕಟ್ಟಬೇಕಾದ್ದಿಲ್ಲ ಎಂದು ಹೇಳಿ ಹೋದರು. ಕಾಗದದ ಮೇಲೆ ಬಂದ ತಪ್ಪನ್ನು ಕಾಗದವೇ ಬಯಲಿಗೆಳೆಯಿತು. ಆ ಲಕ್ಷದ ಅಂಕಿಯು ಯಾವುದೋ ಮೊಬೈಲಿಗೆ ಮಾತ್ರ ಹೋಗಿದ್ದರೆ, ಆ ಮನೆಯವರಿಗೆ ಅದು ತಿಳಿಯುತ್ತಿದ್ದುದು ತಂತಿ ಕತ್ತರಿಸಲು ಬಂದವನ ಮುಖವನ್ನು ನೋಡಿದಾಗಲೇ.

ಯಾವುದೋ ಮೊಬೈಲಿಗೆ ಎಂದೆವು. ಪ್ರಶ್ನೆಯ ತಿರುಳು ಇಲ್ಲಿಯೇ ಇದೆ. ಮೀಟರು ಇರುವದು ಮನೆಯ ಗೋಡೆಯ ಮೇಲೆ. ಮೊಬೈಲು ಇರುವದು ಒಬ್ಬನ ಜೇಬಿನಲ್ಲಿ. ಮಾನ್ವಿ ತಾಲ್ಲೂಕಿನ ಕುರ್ಡಿಯಂಥ ಊರನ್ನು ತೆಗೆದುಕೊಳ್ಳೋಣ. ಅಲ್ಲಿಯ ಆರ್.ಆರ್. ನಂಬರುಗಳಲ್ಲಿ ತೀರಿಹೋದ ಅಜ್ಜನ ಹೆಸರಿನಲ್ಲಿಯೇ ನಡೆದುಬಂದವು ಎಷ್ಟಿರಲಿಕ್ಕಿಲ್ಲ! ಆ ನಂಬರಿಗೆ ಜೋಡಿಸಿದ ಮೊಬೈಲು ಮೊಮ್ಮಗನದು. ಮೊಮ್ಮಗನು ಗುಳೆ ಹೋಗಿರುವನು. ಮಾನ್ವಿ, ದೇವದುರ್ಗ, ಲಿಂಗಸೂಗೂರು ತಾಲ್ಲೂಕುಗಳಿಂದ ಬೆಂಗಳೂರಿನ ಕಟ್ಟಡದ ಕೆಲಸಗಳಿಗೆ ಗುಳೆ ಹೋಗುವ ಕುಟುಂಬಗಳ ಕಥೆಯು ಈ ಜಿಲ್ಲೆಯ ಅಧಿಕಾರಿಗಳಿಗೆ ಹೊಸದಲ್ಲ. ಊರಲ್ಲಿ ಉಳಿದವರು ಮುದುಕಿ ಮತ್ತು ಶಾಲೆಗೆ ಹೋಗುವ ಎರಡು ಮಕ್ಕಳು. ದೀಪ ಉರಿಯುವದು ಕುರ್ಡಿಯಲ್ಲಿ, ಬಿಲ್ಲಿನ ಸಂದೇಶ ಮೊಳಗುವದು ಬೆಂಗಳೂರಿನ ತಗಡಿನ ಷೆಡ್ಡಿನಲ್ಲಿ. ಆ ಮೊಬೈಲು ಕಳೆದುಹೋದರೆ, ಹಣ ತುಂಬದೆ ಅದರ ನಂಬರು ರದ್ದಾದರೆ, ಬಿಲ್ಲು ಬರುವದೇ ಇಲ್ಲ. ಕಂಪನಿಯ ದಾಖಲೆಯಲ್ಲಿ ಮಾತ್ರ ಸಂದೇಶವು ಕಳಿಸಲ್ಪಟ್ಟಿರುತ್ತದೆ.

ಅಕ್ಷರದ ಮಾತನ್ನೂ ಆಡಲೇಬೇಕು. 2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯಲ್ಲಿ ಅಕ್ಷರಸ್ಥರು ನೂರಕ್ಕೆ 60ರಷ್ಟೂ ಪೂರ್ತಿ ಇರಲಿಲ್ಲ. ಹೆಂಗಸರಲ್ಲಿ ಅರ್ಧಕ್ಕಿಂತ ಕಡಿಮೆ. ರಾಜ್ಯದ ಸರಾಸರಿಯು ಅಂದು 75ನ್ನು ದಾಟಿತ್ತು. ಓದು ಬಾರದವರಿಗೆ ಕಾಗದವಾದರೇನು, ಮೊಬೈಲಾದರೇನು ಎಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪಣೆಯು ಹಳ್ಳಿಯನ್ನು ಅರಿಯದವರದು. ಓದು ಬಾರದ ತಾಯಿಯು ಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ಶಾಲೆಯ ಮಾಸ್ತರರಿಗೋ ಕಿರಾಣಿ ಅಂಗಡಿಯವನಿಗೋ ತೋರಿಸಿ, ‘ಇದರಾಗ ಏನೈತಿ ನೋಡ್ರಿ’ ಎಂದು ಕೇಳಬಲ್ಲಳು. ಎರಡು ತಿಂಗಳ ಚೀಟಿಗಳನ್ನು ಪಕ್ಕಪಕ್ಕದಲ್ಲಿ ಇಡಿಸಿ ಹೆಚ್ಚು ಕಡಿಮೆಯನ್ನು ಕೇಳಬಲ್ಲಳು. ಆದರೆ ಮಗನ ಮೊಬೈಲನ್ನು ಅವಳು ಎಲ್ಲಿಂದ ತರಬೇಕು? ತಂದರೂ, ಹಣದ ವ್ಯವಹಾರವೆಲ್ಲ ಒಳಗಿರುವ ಆ ಯಂತ್ರವನ್ನು ಪರರ ಕೈಗೆ ಕೊಡಬಹುದೇ?

ಪರರ ಕೈಯ ವಿಷಯ ಬಂತು. 2022ರಲ್ಲಿ ದೇಶದ ಉದ್ದಗಲಕ್ಕೂ ಒಂದು ಬಗೆಯ ಮೋಸವು ಹರಡಿದ್ದನ್ನು ವಾಚಕರು ಮರೆತಿರಲಾರರು. ‘ಕಳೆದ ತಿಂಗಳ ಬಿಲ್ಲು ಸಂದಾಯವಾಗಿಲ್ಲ, ಇಂದು ರಾತ್ರಿ ನಿಮ್ಮ ಮನೆಯ ವಿದ್ಯುತ್ತನ್ನು ಕಡಿಯಲಾಗುವದು, ಕೂಡಲೇ ಈ ನಂಬರಿಗೆ ಮಾತಾಡಿರಿ’ ಎಂಬ ಸಂದೇಶವು ಮನೆಮನೆಯ ಮೊಬೈಲಿಗೆ ಬರತೊಡಗಿತು. ಮಾತಾಡಿದವರಲ್ಲಿ ಎಷ್ಟೋ ಜನರ ಬ್ಯಾಂಕಿನ ಹಣ ಮಾಯವಾಯಿತು. ಮೋಸ ಹೋದವರಲ್ಲಿ ಅನಕ್ಷರಸ್ಥರಷ್ಟೇ ಇರಲಿಲ್ಲ. ನಿವೃತ್ತರಾದ ಅಧಿಕಾರಿಗಳೂ ಇದ್ದರು. ಬಿಲ್ಲು ಬರುವ ದಾರಿಯೂ ಕಳ್ಳನು ಬರುವ ದಾರಿಯೂ ಒಂದೇ ಆದಾಗ ಮನೆಯವನು ಯಾರಿಗೆ ಬಾಗಿಲು ತೆರೆಯಬೇಕು? ಮೀಟರು ನೋಡುವವನು ಕೈಯಾರ ಕೊಟ್ಟ ಚೀಟಿಯಿದ್ದ ಮನೆಯಲ್ಲಿ, ‘ನಮ್ಮ ಬಿಲ್ಲಿನ ತಾರೀಖು ಇನ್ನೂ ಮುಂದಿದೆ’ ಎಂದು ಹೇಳುವದಕ್ಕೆ ಒಂದು ಆಧಾರವಾದರೂ ಇತ್ತು.

ಈಗ ಗೃಹಜ್ಯೋತಿಯ ಕಾಲ. 2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿಯೇ ವಿಧ್ಯುಕ್ತವಾಗಿ ಪ್ರಾರಂಭವಾದ ಈ ಯೋಜನೆಯಿಂದ ಹಳ್ಳಿಯ ಬಹುಪಾಲು ಮನೆಗಳಿಗೆ ಬಿಲ್ಲೇ ಇಲ್ಲವೆಂದಾಗಿದೆ, ಇನ್ನು ಕಾಗದದ ಚರ್ಚೆ ಏತಕ್ಕೆ ಎಂದು ಕೇಳುವವರುಂಟು. ಅವರು ಯೋಜನೆಯ ನಿಯಮಗಳನ್ನು ಸರಿಯಾಗಿ ನೋಡಿಲ್ಲ. ಮನೆಯೊಂದಕ್ಕೆ ಉಚಿತವಾಗಿ ದೊರೆಯುವದು ಅದರ ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೊಂದಿಷ್ಟು. ಅದನ್ನು ದಾಟಿದರೆ ಹೆಚ್ಚಿನ ಯೂನಿಟ್ಟುಗಳಿಗೆ ಹಣ ತೆರಬೇಕು. 200 ಯೂನಿಟ್ಟನ್ನು ದಾಟಿದರಂತೂ ಆ ತಿಂಗಳ ಇಡೀ ಬಿಲ್ಲನ್ನು ತೆರಬೇಕು. ಅಂದಮೇಲೆ ತನ್ನ ಮನೆಯ ಮಿತಿ ಎಷ್ಟು, ಈ ತಿಂಗಳು ಸುಟ್ಟದ್ದೆಷ್ಟು ಎಂಬ ಅಂಕಿಗಳು ಹಿಂದೆಂದಿಗಿಂತ ಇಂದು ಮನೆಯವರಿಗೆ ಹೆಚ್ಚು ಬೇಕಾಗಿವೆ. ಸೊನ್ನೆ ಬಿಲ್ಲಿನಲ್ಲಿ ಸೊನ್ನೆಯೊಂದೇ ಇರುವದಿಲ್ಲ. ಯೂನಿಟ್ಟಿನ ಲೆಕ್ಕವೂ ಇರುತ್ತದೆ. ಇನ್ನೊಂದು ವಿನೋದವನ್ನು ನೋಡಿರಿ. ಈ ಯೋಜನೆಗೆ ಹೆಸರು ನೋಂದಾಯಿಸಲು 2023ರ ಜೂನ್ ತಿಂಗಳಲ್ಲಿ ಜನರು ಸೇವಾಸಿಂಧುವಿನ ಕೇಂದ್ರಗಳ ಮುಂದೆ ಮುಗಿಬಿದ್ದಾಗ, ಅವರು ಆಧಾರದೊಡನೆ ಹಿಡಿದುಕೊಂಡು ಹೋದದ್ದು ವಿದ್ಯುತ್ತಿನ ಹಳೆಯ ಚೀಟಿಯನ್ನೇ. ಗಣಕಯಂತ್ರವು ಕೇಳಿದ ಗ್ರಾಹಕಸಂಖ್ಯೆಯು ಅವರಿಗೆ ದೊರೆತದ್ದು ಆ ಕಾಗದದಲ್ಲಿ!

ಬ್ಯಾಂಕಿನಲ್ಲಿ ವಿಳಾಸದ ಪುರಾವೆಯನ್ನು ಕೇಳಿದಾಗಲೂ ಎರಡು ತಿಂಗಳಿಗಿಂತ ಹಳೆಯದಲ್ಲದ ವಿದ್ಯುತ್ತಿನ ಬಿಲ್ಲು ಕೆಲಸಕ್ಕೆ ಬರುವದೆಂಬದನ್ನು ಇಲ್ಲಿ ಸೂಚಿಸಿದರೆ ಸಾಕು.

ಕಾನೂನು ಏನು ಹೇಳುತ್ತದೆ? 2003ರ ವಿದ್ಯುಚ್ಛಕ್ತಿ ಕಾಯಿದೆಯ 56ನೆಯ ಕಲಮಿನಂತೆ, ಬಾಕಿ ಉಳಿಸಿಕೊಂಡವನ ಸಂಪರ್ಕವನ್ನು ಕಡಿಯುವ ಮೊದಲು ಪೂರ್ತಿ 15 ದಿವಸಗಳ ಲಿಖಿತ ಸೂಚನೆಯನ್ನು ಕೊಡಬೇಕು. ಶಾಸನಕರ್ತರು ಈ ಅವಧಿಯನ್ನು ಇಟ್ಟದ್ದು ಬಳಕೆದಾರನು ಸೂಚನೆಯನ್ನು ಕಂಡು, ತಪ್ಪಿದ್ದರೆ ತೋರಿಸಿ, ಇಲ್ಲದಿದ್ದರೆ ಹಣ ಹೊಂದಿಸಲಿ ಎಂದು. ಆಮೇಲೆ 2020ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು ಹೊರಡಿಸಿದ ಬಳಕೆದಾರರ ಹಕ್ಕುಗಳ ನಿಯಮಗಳು ಬಿಲ್ಲನ್ನು ಕೈಯಿಂದಾಗಲಿ ಅಂಚೆಯಿಂದಾಗಲಿ ವಿದ್ಯುನ್ಮಾನ ಮಾರ್ಗದಿಂದಾಗಲಿ ಮುಟ್ಟಿಸಬಹುದೆಂದು ಹೇಳಿದವು; 1000 ರೂಪಾಯಿಯನ್ನು ಅಥವಾ ಆಯೋಗವು ಗೊತ್ತುಪಡಿಸಿದ ಮೊತ್ತವನ್ನು ಮೀರಿದ ಬಿಲ್ಲನ್ನು ಆನ್‌ಲೈನಿನಲ್ಲಿಯೇ ಕಟ್ಟಬೇಕೆಂದೂ ಹೇಳಿದವು. ಹೆಸರು ಹಕ್ಕುಗಳ ನಿಯಮ. ಒಳಗೆ ಇಂಥದೊಂದು ಕಟ್ಟಳೆ. ಮಾರ್ಗಗಳನ್ನು ಒಂದೇ ಸಾಲಿನಲ್ಲಿ ಪೋಣಿಸಿದ್ದರಿಂದ, ಯಾವ ಮಾರ್ಗವನ್ನು ಹಿಡಿಯಬೇಕೆಂಬ ಆಯ್ಕೆಯು ಕಂಪನಿಯ ಕೈಗೆ ಜಾರುವ ಅಪಾಯವಿದೆ. ಅಲ್ಲಿಂದ ಮುಂದಿನ ಹೆಜ್ಜೆ ಕಷ್ಟದ್ದಲ್ಲ. ಸಂದೇಶ ಹೋದ ಗಳಿಗೆಯಿಂದಲೇ ಗಡುವು ಓಡತೊಡಗುವದು. ಕಳಿಸಿದ್ದು ಮುಟ್ಟಿತೋ ಇಲ್ಲವೋ ಎಂಬದನ್ನು ಸಿದ್ಧಪಡಿಸುವ ಹೊರೆಯು ಕಳಿಸಿದವನಿಂದ ಇಳಿದು, ಪಡೆಯದವನ ಹೆಗಲೇರುವದು.

ಹೊರಗಿನ ದೇಶಗಳಲ್ಲಿ ಈ ಪ್ರಶ್ನೆ ನಮಗಿಂತ ಮೊದಲೇ ಎದ್ದಿದೆ. ಮನೆಮನೆಯಲ್ಲಿ ಗಣಕಯಂತ್ರವುಳ್ಳ ಕೆನಡಾದಲ್ಲಿ ಕೂಡ, ಅಲ್ಲಿಯ ದೂರಸಂಪರ್ಕ ನಿಯಂತ್ರಣ ಮಂಡಳಿಯು 2022ರಲ್ಲಿ, ಅಂಗವಿಕಲರು, ಮನೆಯಲ್ಲಿ ಇಂಟರ್‌ನೆಟ್ ಇಲ್ಲದವರು, 65 ವರ್ಷ ದಾಟಿದವರು ಕೇಳಿದರೆ ಕಾಗದದ ಬಿಲ್ಲನ್ನು ಯಾವ ಶುಲ್ಕವೂ ಇಲ್ಲದೆ ಕೊಡಬೇಕೆಂದು ಕಂಪನಿಗಳಿಗೆ ವಿಧಿಸಿತು. ಅಮೇರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿ ಕಾಗದದ ಬಿಲ್ಲಿಗೆಂದು ಪ್ರತ್ಯೇಕ ಶುಲ್ಕವನ್ನು ವಸೂಲು ಮಾಡುವದನ್ನು ಕಾಯಿದೆಯೇ ನಿಷೇಧಿಸಿದೆ. ವಿದ್ಯುನ್ಮಾನ ಬಿಲ್ಲನ್ನು ಒಪ್ಪಿದವನಿಗೆ ರಿಯಾಯತಿ ಕೊಡಬಹುದು, ಕಾಗದ ಕೇಳಿದವನಿಗೆ ದಂಡ ಹಾಕಕೂಡದು. ಇದು ಅಲ್ಲಿಯ ತತ್ವ. ನಮ್ಮ ಆಯೋಗಕ್ಕೆ ಇದಕ್ಕಿಂತ ಹೆಚ್ಚಿನ ತತ್ವಜ್ಞಾನ ಬೇಕಾಗಿಲ್ಲ.

ರಾಯಚೂರಿನ ಜನರಿಗೆ ಈ ವಿಷಯದಲ್ಲಿ ಇನ್ನೊಂದು ನೆನಪೂ ಇರಬೇಕಾಗಿದೆ. 1948ರ ವರೆಗೆ ಈ ಜಿಲ್ಲೆಯು ನಿಜಾಮನ ಸಂಸ್ಥಾನಕ್ಕೆ ಸೇರಿತ್ತು. ಕಚೇರಿಯ ಭಾಷೆ ಉರ್ದು. ರೈತನ ಮನೆಯ ಭಾಷೆ ಕನ್ನಡ. ತನ್ನ ಹೊಲದ ಕಾಗದದಲ್ಲಿ ಏನು ಬರೆದಿದೆಯೆಂದು ತಿಳಿಯಲು ರೈತನು ಓದಬಲ್ಲವರ ಮನೆಯ ಕಟ್ಟೆಯನ್ನು ಕಾಯಬೇಕಾಗಿತ್ತು. ತಿಳಿಯದ ಲೆಕ್ಕಕ್ಕೆ ಹೆಬ್ಬೆಟ್ಟು ಒತ್ತಿ ಕೆಟ್ಟ ಮನೆಗಳ ಕಥೆಯನ್ನು ಹಿರಿಯರು ಹೇಳುತ್ತಿದ್ದರು. ಸ್ವಾತಂತ್ರ್ಯವು ಬಂದು, 1956ರಲ್ಲಿ ಕನ್ನಡ ನಾಡು ಒಂದಾಗಿ, 1963ರಲ್ಲಿ ಕನ್ನಡವು ಕಾಯಿದೆಯಿಂದ ಆಡಳಿತಭಾಷೆಯಾಗಿ, ಕೊನೆಗೊಮ್ಮೆ ಕನ್ನಡದ ಅಕ್ಷರಗಳುಳ್ಳ ಬಿಲ್ಲು ಕುರ್ಡಿಯ ಬಾಗಿಲಿಗೆ ಬಂದಿತು. ಈಗ ಅದನ್ನು ಮತ್ತೆ ಕಾಣದ ಜಾಗದಲ್ಲಿಟ್ಟು, ಬೇಕಾದರೆ ತೆಗೆದು ನೋಡಿಕೋ ಎಂದರೆ, ಕಟ್ಟೆ ಕಾಯುವ ಕೆಲಸವು ಹೊಸ ರೂಪದಲ್ಲಿ ಮರಳಿತೆಂದೇ ಅರ್ಥ; ಕಟ್ಟೆ ಈಗ ಆನ್‌ಲೈನ್ ಅಂಗಡಿಯದು, ಓದಿ ಹೇಳಿದ್ದಕ್ಕೂ ಮುದ್ರಿಸಿ ಕೊಟ್ಟದ್ದಕ್ಕೂ ಬೇರೆ ಬೇರೆ ದರ. ಕಂಪನಿಯು ಉಳಿಸಿದ ಕಾಗದದ ಖರ್ಚು ಹೀಗೆ ಬಡವನ ಕಿಸೆಯಿಂದ ಹೋಗುವದು.

ಕಾಗದವನ್ನು ಉಳಿಸುವದು ದೇಶಸೇವೆಯೆಂದು ಹೇಳುವವರಿಗೆ ಗಾಂಧೀಜಿಯವರ ಉದಾಹರಣೆಯನ್ನು ಕೊಡಬಹುದು. ಬಂದ ಲಕೋಟೆಗಳ ಹಿಂಬದಿಯಲ್ಲಿ ಬರೆದು ಕಾಗದವನ್ನು ಉಳಿಸುತ್ತಿದ್ದ ಅವರು, 1894ರಲ್ಲಿ ಸ್ಥಾಪಿಸಿದ ನಾತಾಳ ಹಿಂದೀ ಕಾಂಗ್ರೆಸ್ಸಿನಲ್ಲಿ ಎಷ್ಟು ಸಣ್ಣ ಮೊತ್ತವಾದರೂ ರಸೀದಿ ಕೊಡದೆ ಪಡೆಯುತ್ತಿರಲಿಲ್ಲ. ಮಿತವ್ಯಯವನ್ನು ಅವರು ತಮ್ಮ ಕಾಗದದಲ್ಲಿ ತೋರಿಸಿದರೇ ಹೊರತು ಪರರಿಗೆ ಒಪ್ಪಿಸಬೇಕಾದ ಲೆಕ್ಕದಲ್ಲಲ್ಲ.

ಮುಂದೆ ಬರಲಿರುವದು ಇನ್ನೂ ದೊಡ್ಡದು. ಬೆಂಗಳೂರಿನ ಬೆಸ್ಕಾಂ 2025ರ ಫೆಬ್ರವರಿ 15ರಿಂದ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರನ್ನು ಕಡ್ಡಾಯ ಮಾಡಿದಾಗ ಅದರ ಬೆಲೆಯ ಬಗ್ಗೆ ಎದ್ದ ವಿವಾದವು ಎಲ್ಲರಿಗೂ ತಿಳಿದಿದೆ. ಬೆಲೆಗಿಂತಲೂ ನಮಗೆ ಮುಖ್ಯವೆನಿಸುವದು ಬೇರೊಂದು. ದೂರದಿಂದಲೇ ತನ್ನ ಅಂಕಿಯನ್ನು ಹೇಳುವ, ದೂರದಿಂದಲೇ ವಿದ್ಯುತ್ತನ್ನು ನಿಲ್ಲಿಸಬಲ್ಲ ಮೀಟರು ಬಂದ ಮೇಲೆ, ತಿಂಗಳಿಗೊಮ್ಮೆ ಮನೆಗೆ ಬರುವ ಮನುಷ್ಯನೇ ಬೇಡವಾಗುತ್ತಾನೆ. ಹಳ್ಳಿಗಳಲ್ಲಿ ಗ್ರಾಮ ವಿದ್ಯುತ್ ಪ್ರತಿನಿಧಿಗಳೆಂದು ಅದೇ ಊರಿನ ಹುಡುಗರನ್ನು ನೇಮಿಸಿದಾಗ ಅವರಲ್ಲಿ ದೋಷಗಳಿದ್ದವು, ವಸೂಲಿಯಲ್ಲಿ ಗೊಂದಲಗಳೂ ಆದವು. ಆದರೂ ‘ಯಾಕಪ್ಪಾ, ಈ ಸಲ ಇಷ್ಟು ಯಾಕ ಬಂತು?’ ಎಂದು ಕೇಳುವದಕ್ಕೆ ಎದುರಿಗೆ ಒಂದು ಮುಖವಿತ್ತು. 1912 ಎಂಬ ಸಹಾಯವಾಣಿಗೆ ಮಾತಾಡಿ ಒಂದನ್ನು ಒತ್ತು, ಎರಡನ್ನು ಒತ್ತು ಎಂಬ ಧ್ವನಿಯನ್ನು ಕೇಳುವದು ಅದಕ್ಕೆ ಸಮನಲ್ಲ. ಶಕ್ತಿನಗರದ ಉಷ್ಣಸ್ಥಾವರವು 1985ರಿಂದ ನಾಡಿಗೆಲ್ಲ ವಿದ್ಯುತ್ತನ್ನು ಕೊಡುತ್ತಿದೆ. ಅದರ ಬೂದಿಯನ್ನು ಉಂಡವರು ರಾಯಚೂರಿನವರು. ಆ ವಿದ್ಯುತ್ತಿನ ಲೆಕ್ಕವನ್ನು ಈ ಜಿಲ್ಲೆಯವರಿಗೆ ಎದುರು ನಿಂತು ಹೇಳುವದು ಹೆಚ್ಚಿನ ಉಪಕಾರವೇನೂ ಆಗಲಾರದು.

ಆದ್ದರಿಂದ ಜೆಸ್ಕಾಂ ಅಧಿಕಾರಿಗಳ ಮುಂದೆಯೂ ಆಯೋಗದ ಮುಂದೆಯೂ ನಾವು ಇಡುವ ಬೇಡಿಕೆಯು ಮಿತವಾದದ್ದು. ಮನೆಯವರು ಬರೆದುಕೊಟ್ಟು ಒಪ್ಪಿದ ಹೊರತು ಕಾಗದದ ಬಿಲ್ಲನ್ನು ನಿಲ್ಲಿಸಬಾರದು. ಒಪ್ಪಿದವರಿಗೆ ಕಾಗದದಲ್ಲಿ ಉಳಿದದ್ದರಲ್ಲಿ ಒಂದು ಪಾಲನ್ನು ರಿಯಾಯತಿಯಾಗಿ ಕೊಡಲಿ. ಒಪ್ಪದವರ ಮೇಲೆ ಶುಲ್ಕವನ್ನು ಹಾಕಬಾರದು. ಮೊಬೈಲಿನ ಸಂದೇಶವು ಕನ್ನಡದಲ್ಲಿದ್ದು, ಯೂನಿಟ್ಟಿನ ಸಂಖ್ಯೆಯನ್ನೂ ಒಳಗೊಂಡಿರಲಿ. ಸಂಪರ್ಕ ಕಡಿಯುವ ಸೂಚನೆಯಂತೂ ಮನೆಯ ಬಾಗಿಲಿಗೆ ಕಾಗದದಲ್ಲಿಯೇ ಮುಟ್ಟಬೇಕು, ಮುಟ್ಟಿದ್ದಕ್ಕೆ ಸಹಿಯಿರಬೇಕು. ಮಾಸಿಹೋಗದ ಕಾಗದವನ್ನು ಬಳಸುವದು ಸಾಧ್ಯವಿಲ್ಲವಾದರೆ, ವರ್ಷಕ್ಕೊಮ್ಮೆಯಾದರೂ ಹನ್ನೆರಡು ತಿಂಗಳ ಲೆಕ್ಕವನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿ ಕೊಡಲಿ. ಬ್ಯಾಂಕಿನ ಪಾಸ್‌ಬುಕ್ಕಿನಂತೆ ಮೀಟರಿಗೂ ಒಂದು ಕಿರುಪುಸ್ತಕವನ್ನು ಕೊಟ್ಟು, ಪ್ರತಿ ತಿಂಗಳು ಅಂಕಿಯನ್ನು ಅದರಲ್ಲಿ ಬರೆಯಿಸುವದೂ ಆಗದ ಮಾತಲ್ಲ.

ಆಯೋಗವು ದರದ ಅರ್ಜಿಗಳ ಮೇಲೆ ಸಾರ್ವಜನಿಕ ವಿಚಾರಣೆಯನ್ನು ನಡೆಸುತ್ತದೆ. ಯಾವ ಬಳಕೆದಾರನಾದರೂ ಲಿಖಿತ ಆಕ್ಷೇಪಣೆಯನ್ನು ಸಲ್ಲಿಸಬಹುದು. ಆ ವಿಚಾರಣೆಗಳಲ್ಲಿ ದೊಡ್ಡ ಕಾರಖಾನೆಗಳವರ ಮತ್ತು ವರ್ತಕರ ಧ್ವನಿಯು ಕೇಳಿಬರುವಷ್ಟು ಹಳ್ಳಿಯ ಮನೆಗಳವರ ಧ್ವನಿಯು ಕೇಳಿಬರುವದಿಲ್ಲ. ರಾಯಚೂರು, ಮಾನ್ವಿ, ದೇವದುರ್ಗಗಳ ವಕೀಲರೂ ಶಿಕ್ಷಕರೂ ಗ್ರಾಮ ಪಂಚಾಯತಿಗಳ ಸದಸ್ಯರೂ ಮುಂದಿನ ವಿಚಾರಣೆಗೆ ಮೊದಲು ಈ ವಿಷಯದ ಅರ್ಜಿಗಳನ್ನು ಸಿದ್ಧಪಡಿಸಿ ಕಳಿಸಲಿ. ಅರ್ಜಿಯ ಜೊತೆಗೆ ತಮ್ಮೂರಿನ ಹತ್ತು ಮನೆಗಳ ಚೀಟಿಗಳನ್ನು ಲಗತ್ತಿಸಬೇಕು. ಚೀಟಿಗಳು ಮಾಸಿ ಬಿಳಿದಾಗಿದ್ದರೆ ಅವನ್ನೂ ಹಾಗೆಯೇ ಲಗತ್ತಿಸಬೇಕು.